ಹೊರದೇಶದ ಮಗು, ನಮ್ಮ ಮನೆ: ಕೊಪ್ಪಳ, ರಾಯಚೂರು, ಬಳ್ಳಾರಿಯ ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳದವಳು, ದತ್ತು ತಾಯಿ. ಹದಿನಾಲ್ಕು ತಿಂಗಳ ಕೂಸಾಗಿ ನಮ್ಮ ಮನೆಗೆ ಬಂದ ಮಗಳು ಈಗ ಪ್ರೌಢಶಾಲೆಗೆ ಹೋಗುತ್ತಿದ್ದಾಳೆ. ಅವಳು ಬಂದಂದಿನಿಂದ ಸುತ್ತಲಿನ ಮೂರು ಜಿಲ್ಲೆಗಳ ಎಷ್ಟೋ ದಂಪತಿಗಳು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಮಾತನಾಡಿ ಹೋಗಿದ್ದಾರೆ. ಗಂಗಾವತಿಯ ಅಕ್ಕಿ ಗಿರಣಿಯವರು, ಹಟ್ಟಿ ಗಣಿಯ ನೌಕರರು, ತೋರಣಗಲ್ಲಿನ ಕಾರ್ಖಾನೆಯ ಎಂಜಿನಿಯರುಗಳು, ಸಿಂಧನೂರಿನ ಶಿಕ್ಷಕ ದಂಪತಿ. ಇತ್ತೀಚೆಗೆ ಅವರಲ್ಲಿ ಹಲವರು ಒಂದೇ ಮಾತಿನಿಂದ ಆರಂಭಿಸುತ್ತಾರೆ: "ಇಲ್ಲಿ ಸರತಿ ಬಹಳ ಉದ್ದವಂತೆ ಅಕ್ಕಾ, ಹೊರದೇಶದಿಂದ ಮಗು ತರಿಸಿಕೊಡುವ ಏಜೆನ್ಸಿ ಇದೆಯಂತೆ, ನಿಜವೇ?" ಅವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಅಧಿಕಾರಿಯಲ್ಲ, ವಕೀಲೆಯೂ ಅಲ್ಲ. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹೆಜ್ಜೆ ಇಡುವ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಇಲ್ಲೇ ವಾಸಿಸುವ ನಾವು ಬೇರೆ ದೇಶದ ಮಗುವನ್ನು ದತ್ತು ಪಡೆಯಲು ಸಾಧ್ಯವೇ?

ಕಾನೂನು ಅಡ್ಡ ಬರುವುದಿಲ್ಲ. 2022ರ ದತ್ತು ನಿಯಮಾವಳಿಯಲ್ಲಿ ಭಾರತದ ಪ್ರಜೆಗಳು ವಿದೇಶದ ಮಗುವನ್ನು ದತ್ತು ಪಡೆಯುವ ಬಗೆಯನ್ನೂ ಹೇಳಲಾಗಿದೆ. ಅದರ ತಿರುಳು ಇಷ್ಟು: ದತ್ತಿನ ವಿಧಿಗಳು ಮೊದಲು ಮಗುವಿನ ದೇಶದಲ್ಲಿ, ಆ ದೇಶದ ಕಾನೂನಿನಂತೆ ನೆರವೇರಬೇಕು. ನಮ್ಮ ಕಡೆಯಿಂದ ಒಪ್ಪಿಗೆ ಕೊಡುವುದು ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರ ಬಾಯಲ್ಲಿ 'ಕಾರಾ'. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ಬರೆಯುವ ನಿಮ್ಮ ಮನೆಯ ಅಧ್ಯಯನ ವರದಿ, ಮಗುವಿನ ಅಧ್ಯಯನ ವರದಿ, ಮಗುವಿನ ವೈದ್ಯಕೀಯ ವರದಿ ಇವೆಲ್ಲ ಅಲ್ಲಿ ಕೂಡಬೇಕು.

ಇದರ ಹಿಂದೆ ದೇಶ ದೇಶಗಳ ನಡುವಿನ ದತ್ತಿಗಾಗಿ ಆದ 1993ರ ಹೇಗ್ ಒಪ್ಪಂದವಿದೆ. ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಆ ಒಪ್ಪಂದದಂತೆ ಮಗುವಿನ ದೇಶವು ಮೂರು ವಿಷಯ ಖಚಿತಪಡಿಸಬೇಕು: ಈ ಮಗುವನ್ನು ದತ್ತು ಕೊಡಬಹುದು, ಸ್ವಂತ ದೇಶದಲ್ಲಿ ಇದಕ್ಕೆ ನೆಲೆ ಸಿಗುವುದೇ ಎಂದು ನೋಡಿಯಾಗಿದೆ, ಒಪ್ಪಿಗೆ ಕೊಟ್ಟವರು ತಿಳಿದು, ಒತ್ತಡವಿಲ್ಲದೆ, ಹಣ ಪಡೆಯದೆ ಕೊಟ್ಟಿದ್ದಾರೆ. ತಾಯಿಯ ಒಪ್ಪಿಗೆ ಬೇಕಾದಲ್ಲಿ ಅದನ್ನು ಮಗು ಹುಟ್ಟಿದ ನಂತರವೇ ಪಡೆದಿರಬೇಕು. ಮಗುವನ್ನು ಬರಮಾಡಿಕೊಳ್ಳುವ ದೇಶ, ಎಂದರೆ ನಾವು, ಈ ತಂದೆತಾಯಿ ಯೋಗ್ಯರು, ಮಗು ಇಲ್ಲಿ ಶಾಶ್ವತವಾಗಿ ನೆಲೆಸಬಹುದು ಎಂದು ಹೇಳಬೇಕು. ಎರಡೂ ಕಡೆಯ ಮಾತು ಕೂಡಿದ ಮೇಲೆಯೇ ಮಗುವನ್ನು ನಿಮ್ಮ ಕೈಗೆ ಒಪ್ಪಿಸುವ ತೀರ್ಮಾನ.

ಮಗುವಿನ ಕೈಯಲ್ಲಿ ವಿದೇಶದ ಪಾಸ್‌ಪೋರ್ಟ್ ಇರುತ್ತದೆ. ಹಾಗಾಗಿ ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ಪ್ರವೇಶ ವೀಸಾಕ್ಕೆ ಅರ್ಜಿ ಹಾಕಬೇಕು. ಗೃಹ ಸಚಿವಾಲಯದ ವಿದೇಶಿಯರ ವಿಭಾಗದ ಅನುಮತಿಯನ್ನೂ ಅದೇ ಕಚೇರಿಯ ಮೂಲಕ ಪಡೆಯಬೇಕು. ಪೌರತ್ವ ಬೇರೆಯೇ ವಿಷಯ. ದತ್ತು ಆದೇಶ ಕೈಗೆ ಬಂದ ದಿನವೇ ಮಗು ಭಾರತದ ಪ್ರಜೆಯಾಯಿತು ಎಂದುಕೊಳ್ಳಬೇಡಿ. ಅದನ್ನು ಮೊದಲೇ, ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಸಾಧ್ಯವೇ ಎಂದರೆ ಸಾಧ್ಯ. ಆದರೆ ಇದು ನಡೆಯುವುದು ಅಪರೂಪ. ಹಾದಿ ಉದ್ದವಾಗಿದೆ, ತೆರೆದ ಬಾಗಿಲುಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಒಂದು ಏಜೆನ್ಸಿಯವರು ಮೊಬೈಲಿಗೆ ಮಕ್ಕಳ ಫೋಟೊ ಕಳುಹಿಸಿದ್ದಾರೆ. ಮುಂಗಡ ಕೊಟ್ಟರೆ ಆರು ತಿಂಗಳಲ್ಲಿ ಮಗು ಎನ್ನುತ್ತಾರೆ. ಕಾರಾ ಮಾನ್ಯತೆಯ ಪತ್ರವನ್ನೂ ತೋರಿಸಿದರು.

ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾರಾ ಕೆಲವು ವಿದೇಶಿ ಸಂಸ್ಥೆಗಳಿಗೆ ಮಾನ್ಯತೆ ಕೊಟ್ಟಿರುವುದು ನಿಜ. ಅವುಗಳಿಗೆ 'ಅಧಿಕೃತ ವಿದೇಶಿ ದತ್ತು ಸಂಸ್ಥೆ' ಎಂದು ಹೆಸರು. ಆ ಮಾನ್ಯತೆ ಇರುವುದು ಭಾರತದ ಮಕ್ಕಳನ್ನು ದತ್ತು ಪಡೆಯುವ ವಿದೇಶದ ಕುಟುಂಬಗಳ ಕೆಲಸ ಮಾಡಿಕೊಡಲು. ಹೊರಗಿನ ಮಗುವನ್ನು ಕೊಪ್ಪಳಕ್ಕೋ ರಾಯಚೂರಿಗೋ ತಂದುಕೊಡಲು ಯಾರಿಗೂ ಅದರಿಂದ ಅಧಿಕಾರ ಸಿಗುವುದಿಲ್ಲ. ಆ ಪತ್ರವನ್ನು ನಿಮಗೆ ತೋರಿಸಿ ಹಣ ಕೇಳುವವನು ನಿಮ್ಮ ಅರಿಯದಿರುವಿಕೆಯನ್ನು ಬಂಡವಾಳ ಮಾಡಿಕೊಂಡಿದ್ದಾನೆ.

ಫೋಟೊ ತೋರಿಸಿ ಮಗು ಆರಿಸಿಕೊಳ್ಳಿ ಎನ್ನುವುದೇ ದೊಡ್ಡ ಅಪಾಯದ ಗುರುತು. ಮಕ್ಕಳ ರಕ್ಷಣೆ, ದತ್ತು ಎರಡನ್ನೂ ನೋಡಿಕೊಳ್ಳುವ ನಮ್ಮ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಂತೆ ಮಗುವನ್ನು ಮಾರುವುದಷ್ಟೇ ಅಲ್ಲದೆ ಕೊಳ್ಳುವುದೂ ಅಪರಾಧ. 5 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿ ದಂಡ. ಮಗುವನ್ನು ನೋಡಿಕೊಳ್ಳುವ ಹೊಣೆಯಿರುವವರೇ, ಆಸ್ಪತ್ರೆಯ ಸಿಬ್ಬಂದಿಯೇ ಇದನ್ನು ಮಾಡಿದರೆ 3ರಿಂದ 7 ವರ್ಷ. ದಂಪತಿಗಳು ಇದನ್ನು ಕೇಳಿ ಬೆಚ್ಚುತ್ತಾರೆ. "ನಾವು ಒಳ್ಳೆಯದನ್ನೇ ಮಾಡಲು ಹೊರಟವರಲ್ಲವೇ" ಎನ್ನುತ್ತಾರೆ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ನೀವು ಕೊಟ್ಟ ದುಡ್ಡು ಎಲ್ಲೋ ಒಬ್ಬ ಬಡ ತಾಯಿಯ ಮಡಿಲಿನಿಂದ ಕೂಸನ್ನು ಎಳೆದು ತರಲು ಬಳಕೆಯಾಗಿರಬಹುದು. ಆ ಮಗು ದೊಡ್ಡದಾಗಿ ಕೇಳಿದ ದಿನ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಯಾವ ದೇಶದಿಂದ ಸುಲಭ?

ಸುಲಭ ಎನ್ನುವ ಮಾತೇ ನನಗೆ ಭಯ ಹುಟ್ಟಿಸುತ್ತದೆ. ಇದುವರೆಗೆ ಎಲ್ಲಿ ಸುಲಭವಾಗಿತ್ತೋ ಅಲ್ಲೆಲ್ಲ ಆಮೇಲೆ ಬಾಗಿಲು ಮುಚ್ಚಿದೆ, ಏಕೆ ಮುಚ್ಚಿತು ಎಂಬುದು ತಿಳಿದಿರಲಿ.

ಗ್ವಾಟೆಮಾಲದಿಂದ ಪ್ರತಿವರ್ಷ ಸಾವಿರಾರು ಕೂಸುಗಳು ಅಮೆರಿಕಕ್ಕೆ ಹೋಗುತ್ತಿದ್ದವು. ವಕೀಲರು, ದಲ್ಲಾಳಿಗಳು ಸೇರಿ ಅದನ್ನು ವ್ಯಾಪಾರ ಮಾಡಿಕೊಂಡಿದ್ದರು. 2008ರಲ್ಲಿ ಹೊಸ ದತ್ತುಗಳು ನಿಂತವು. ಇಥಿಯೋಪಿಯಾ 2018ರಲ್ಲಿ ವಿದೇಶಿ ದತ್ತನ್ನು ನಿಷೇಧಿಸಿತು. ಚೀನಾ 2024ರ ಸೆಪ್ಟೆಂಬರಿನಲ್ಲಿ, ಹತ್ತಿರದ ರಕ್ತಸಂಬಂಧಿಗಳನ್ನು ಬಿಟ್ಟು ಉಳಿದವರಿಗೆ ಮಕ್ಕಳನ್ನು ಕೊಡುವುದಿಲ್ಲ ಎಂದು ಘೋಷಿಸಿತು. ಮಕ್ಕಳನ್ನು ಬರಮಾಡಿಕೊಳ್ಳುತ್ತಿದ್ದ ದೇಶಗಳೂ ಹಿಂದೆ ಸರಿದಿವೆ. ಹಳೆಯ ಅಕ್ರಮಗಳ ತನಿಖೆಯ ನಂತರ ನೆದರ್ಲೆಂಡ್ಸ್ 2021ರಲ್ಲಿ ಹೊಸ ದತ್ತುಗಳನ್ನು ತಡೆಹಿಡಿಯಿತು. ಅಮೆರಿಕದಲ್ಲಿ 2004ರಲ್ಲಿ ಹೊರದೇಶದಿಂದ ದತ್ತಾಗಿ ಬಂದ ಮಕ್ಕಳು 23 ಸಾವಿರದ ಆಸುಪಾಸು. 2023ರಲ್ಲಿ ಸಾವಿರದ ಮುನ್ನೂರನ್ನೂ ಮುಟ್ಟಲಿಲ್ಲ.

ನನ್ನನ್ನು ಹೆಚ್ಚು ಕಲಕಿದ್ದು ದಕ್ಷಿಣ ಕೊರಿಯಾದ ಸಂಗತಿ. ಕೊರಿಯಾ ಯುದ್ಧದ ನಂತರದ ದಶಕಗಳಲ್ಲಿ ಅಲ್ಲಿಂದ ಲಕ್ಷಕ್ಕೂ ಹೆಚ್ಚು ಮಕ್ಕಳು ಪಶ್ಚಿಮದ ದೇಶಗಳಿಗೆ ಹೋದರು. 2025ರ ಮಾರ್ಚಿನಲ್ಲಿ ಅಲ್ಲಿನ ಸತ್ಯಶೋಧನಾ ಆಯೋಗ ತನ್ನ ತೀರ್ಮಾನ ಹೇಳಿತು: ಹೆತ್ತವರಿದ್ದ ಮಕ್ಕಳನ್ನೂ ಕಾಗದದಲ್ಲಿ ಅನಾಥರೆಂದು ಬರೆಯಲಾಗಿತ್ತು, ಗುರುತುಗಳನ್ನು ಬದಲಿಸಲಾಗಿತ್ತು, ಸರ್ಕಾರ ನೋಡಿಕೊಳ್ಳಬೇಕಾದದ್ದನ್ನು ನೋಡಿಕೊಳ್ಳಲಿಲ್ಲ. ಐವತ್ತು ದಾಟಿದವರು ಇಂದಿಗೂ ತಮ್ಮ ನಿಜವಾದ ಹೆಸರು ಹುಡುಕುತ್ತಿದ್ದಾರೆ. ಅವರನ್ನು ಸಾಕಿದ ತಂದೆತಾಯಿಗಳಲ್ಲಿ ಬಹುತೇಕರು ನಿಮ್ಮ ಹಾಗೆಯೇ ಮಗುವಿಗಾಗಿ ಹಂಬಲಿಸಿದವರು, ಏಜೆನ್ಸಿ ಕೊಟ್ಟ ಕಾಗದವನ್ನು ನಂಬಿದವರು.

ನಮ್ಮಲ್ಲೂ ಇಂಥ ಕಾಲವಿತ್ತು. ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು, 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ ವಿದೇಶಿ ದತ್ತಿಗೆ ಕಟ್ಟುಪಾಡುಗಳನ್ನು ಹಾಕಿತು. ಮಗುವಿಗೆ ಮೊದಲು ತನ್ನ ದೇಶದಲ್ಲೇ ಮನೆ ಹುಡುಕಬೇಕು ಎನ್ನುವ ತತ್ವ ಆ ತೀರ್ಪಿನಲ್ಲೇ ಇದೆ. ಕಾರಾ ಹುಟ್ಟಿದ್ದೂ ಅದರ ನಂತರವೇ, 1990ರಲ್ಲಿ.

ಗಲ್ಫಿನಲ್ಲಿ ದುಡಿಯುತ್ತಿದ್ದೇವೆ. ಅಲ್ಲಿನ ಅನಾಥ ಮಗುವನ್ನು ಕರೆತರಬಹುದೇ?

ಇಸ್ಲಾಮಿ ಕಾನೂನು ನಡೆಯುವ ಹಲವು ದೇಶಗಳಲ್ಲಿ ನಾವು ತಿಳಿದ ಅರ್ಥದ ದತ್ತು ಇಲ್ಲ. ಅಲ್ಲಿರುವುದು ಕಫಾಲಾ, ಎಂದರೆ ಮಗುವನ್ನು ಸಾಕುವ ಹೊಣೆ ಹೊರುವುದು. ಮಗುವಿನ ವಂಶದ ಹೆಸರು ಬದಲಾಗುವುದಿಲ್ಲ. ಹೇಗ್ ಒಪ್ಪಂದ ಶಾಶ್ವತವಾದ ತಂದೆತಾಯಿ-ಮಕ್ಕಳ ಸಂಬಂಧ ಏರ್ಪಡಿಸುವ ದತ್ತಿಗೆ ಮಾತ್ರ ಅನ್ವಯಿಸುವುದರಿಂದ ಕಫಾಲಾದ ಪತ್ರ ದತ್ತು ಆದೇಶವಾಗಲಾರದು.

ಅದರ ಬದಲು ಇನ್ನೊಂದು ದಾರಿಯಿದೆ. ಅನಿವಾಸಿ ಭಾರತೀಯರನ್ನು ಭಾರತದ ಮಗುವಿನ ದತ್ತಿಗೆ ಇಲ್ಲಿ ವಾಸಿಸುವವರ ಸಮಾನವಾಗಿಯೇ ಕಾಣಲಾಗುತ್ತದೆ. ನೀವಿರುವ ದೇಶದಲ್ಲಿ ಅಧಿಕೃತ ಸಂಸ್ಥೆ ಇಲ್ಲದಿದ್ದರೆ ಭಾರತದ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬಹುದು. ಧರ್ಮ ಅಡ್ಡಿಯಲ್ಲ. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಶಬನಮ್ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಅರ್ಹತೆ ಏನು? ನಮಗೆ ವಯಸ್ಸಾಗಿದೆ.

ಹೊರದೇಶದ ಮಗುವಾದರೆ ಆ ದೇಶದ ನಿಯಮಗಳನ್ನೂ ನೋಡಬೇಕಾಗುತ್ತದೆ. ನಮ್ಮ ನಿಯಮದಂತೆ ಮದುವೆಯಾಗಿ ಕನಿಷ್ಠ 2 ವರ್ಷವಾಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು, ಮಗುವಿಗೂ ನಿಮಗೂ ಕನಿಷ್ಠ 25 ವರ್ಷದ ಅಂತರವಿರಬೇಕು. ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡುತ್ತಾರೆ. 2 ವರ್ಷದೊಳಗಿನ ಮಗುವಿಗೆ ಆ ಮೊತ್ತ 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, ಅದಕ್ಕೂ ದೊಡ್ಡ ಮಕ್ಕಳಿಗೆ 110. ಒಬ್ಬರೇ ದತ್ತು ಪಡೆಯುವುದಾದರೆ ಕ್ರಮವಾಗಿ 40, 45, 50, 55. ಒಂಟಿ ಮಹಿಳೆ ಗಂಡು ಮಗುವನ್ನಾಗಲಿ ಹೆಣ್ಣು ಮಗುವನ್ನಾಗಲಿ ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ.

ನಲವತ್ತೆಂಟು, ನಲವತ್ತನಾಲ್ಕರ ದಂಪತಿ ಎದೆಗವಚಿಕೊಳ್ಳುವ ಕೂಸೇ ಬೇಕೆಂದು ಬಂದಾಗ ನನಗೆ ಸಂಕಟವಾಗುತ್ತದೆ. ಲೆಕ್ಕ ಕೂಡಿಸಿದರೆ 92. ಐದು ವರ್ಷದ ಮಗುವಾದರೆ ಅವರಿಗೆ ಸಿಗುವ ಸಾಧ್ಯತೆಯಿದೆ. "ಅಷ್ಟು ದೊಡ್ಡ ಮಗು ನಮಗೆ ಹೊಂದಿಕೊಳ್ಳುತ್ತದೆಯೇ" ಎನ್ನುತ್ತಾರೆ. ನೀವು ಅದಕ್ಕೆ ಹೊಂದಿಕೊಳ್ಳುತ್ತೀರಾ ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಾಗಿ, "ಆಗಬಹುದು" ಎಂದವರಿದ್ದಾರೆ. ಅವರ ಮನೆಗಳಲ್ಲಿ ಇಂದು ಮಕ್ಕಳಿವೆ.

ಮನೆ ನೋಡಲು ಬರುವವರು ಏನು ನೋಡುತ್ತಾರೆ?

ಇದಕ್ಕಾಗಿ ಜನ ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಾರೆ. ಬೇಕಾಗಿಲ್ಲ. ಬರುವವರು ಸಮಾಜ ಕಾರ್ಯಕರ್ತರು, ಮಕ್ಕಳನ್ನು ದತ್ತು ಕೊಡಲು ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆಯವರು ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು. ಅವರು ಬರೆಯುವ ಅಧ್ಯಯನ ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ. ವಿದೇಶದ ಮಗುವಿಗಾಗಿ ಹೊರಟರೂ ಇಂಥದೊಂದು ವರದಿಯಿಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ.

ನಮ್ಮ ಮನೆಗೆ ಬಂದಿದ್ದ ಹೆಣ್ಣುಮಗಳು ಮೊದಲು ಮಾತನಾಡಿಸಿದ್ದು ನನ್ನ ಅತ್ತೆಯವರನ್ನು. "ಈ ಮಗು ನಿಮ್ಮ ಮಗನದಲ್ಲ ಎಂದು ಬೀಗರ ಮುಂದೆ ಯಾರಾದರೂ ಆಡಿದರೆ ನೀವೇನು ಹೇಳುತ್ತೀರಿ ಅಮ್ಮಾ?" ಎಂದು ಕೇಳಿದರು. ಅತ್ತೆ ಬಹಳ ಹೊತ್ತು ಉತ್ತರಿಸಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದ ನನ್ನ ಕೈ ನಡುಗುತ್ತಿತ್ತು. ಕೊನೆಗೆ, "ನನ್ನ ಮೊಮ್ಮಗಳ ಬಗ್ಗೆ ಹಾಗೆ ಆಡುವವರ ಮನೆಯ ನೀರು ಕುಡಿಯುವುದಿಲ್ಲ" ಎಂದರು. ಆಕೆ ಅದನ್ನು ಹಾಗೆಯೇ ಬರೆದುಕೊಂಡರು. ನಾವು ಕಾಗದಪತ್ರಗಳಿಗೆ ಸಿದ್ಧರಾಗಿದ್ದೆವು. ಆ ಪ್ರಶ್ನೆಗೆ ಮನೆಯಲ್ಲಿ ಯಾರೂ ಸಿದ್ಧರಾಗಿರಲಿಲ್ಲ, ಹಾಗಾಗಿಯೇ ಬಂದ ಉತ್ತರ ನಿಜವಾಗಿತ್ತು.

ಅವರು ಕೇಳುವುದು ಇಂಥವೇ. ಮಗು ಎಲ್ಲಿ ಮಲಗುತ್ತದೆ, ನೀವಿಬ್ಬರೂ ಕೆಲಸಕ್ಕೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಕಳೆದುಕೊಂಡ ಬಸಿರಿನ ದುಃಖ ಆರಿದೆಯೇ, ದತ್ತು ಬೇಕೆಂದದ್ದು ಇಬ್ಬರೂ ಸೇರಿಯೋ ಒಬ್ಬರ ಒತ್ತಾಯಕ್ಕೋ. ಸಾಲವಿದ್ದರೆ ಮುಚ್ಚಿಡಬೇಡಿ, ಕಾಯಿಲೆಯಿದ್ದರೆ ಹೇಳಿ. ಸಕ್ಕರೆ ಕಾಯಿಲೆ ಇದೆಯೆಂದು ಯಾರೂ ನಿಮ್ಮನ್ನು ತಳ್ಳಿಹಾಕುವುದಿಲ್ಲ, ಆದರೆ ಮುಚ್ಚಿಟ್ಟದ್ದು ಹೊರಬಿದ್ದರೆ ನಂಬಿಕೆ ಹೋಗುತ್ತದೆ. ಹೊರದೇಶದ ಮಗು ಎಂದಾದರೆ ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಮೈಬಣ್ಣ, ಮುಖಚಹರೆ ಬೇರೆಯಾಗಿರುವ ಮಗು ಹುಲಿಗಿಯ ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಶಾಲೆಯ ಬಾಗಿಲಲ್ಲಿ ದಿನವೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ದಿಟ್ಟಿಸುವ ಕಣ್ಣುಗಳನ್ನು ಅದರ ಜೊತೆ ನೀವೂ ಹೊತ್ತುಕೊಳ್ಳಬಲ್ಲಿರಾ?

ಎಷ್ಟು ಖರ್ಚಾಗುತ್ತದೆ?

ಇಲ್ಲಿನ ಮಗುವಿಗೆ ಖರ್ಚು ನಿಗದಿಯಾಗಿದೆ. 2022ರ ನಿಯಮಾವಳಿಯಂತೆ ನೋಂದಣಿ ಮತ್ತು ಮನೆ ಅಧ್ಯಯನಕ್ಕೆ 6,000, ಮಗುವಿನ ಆರೈಕೆ ನಿಧಿಗೆ 50,000, ಮಗು ಬಂದ ನಂತರದ ಪ್ರತಿ ಭೇಟಿಗೆ 2,000 ರೂಪಾಯಿ. ಎಲ್ಲಕ್ಕೂ ರಸೀದಿ ಸಿಗುತ್ತದೆ. ರಸೀದಿಯಿಲ್ಲದೆ ಕೇಳಿದರೆ ಕೊಡಬೇಡಿ, ದೂರು ಕೊಡಿ.

ಹೊರದೇಶದಿಂದ ಎಂದಾದರೆ ಇಲ್ಲಿ ಕುಳಿತು ಮೊತ್ತ ಹೇಳುವುದು ಆಗದ ಮಾತು. ಆ ದೇಶದ ಸಂಸ್ಥೆಯ ಶುಲ್ಕ, ವಕೀಲರು, ಪ್ರತಿ ಕಾಗದದ ಅನುವಾದ, ಕಾಗದ ಅಸಲಿ ಎಂದು ಹೊರದೇಶಕ್ಕೆ ತೋರಿಸಲು ವಿದೇಶಾಂಗ ಸಚಿವಾಲಯ ಹಾಕುವ ಅಪೋಸ್ಟಿಲ್ ಮುದ್ರೆ, ಇಬ್ಬರ ವಿಮಾನದ ಖರ್ಚು, ವಾರಗಟ್ಟಲೆ ಅಲ್ಲಿ ಉಳಿಯುವುದು. ಹೊಲ ಮಾರಿ ಈ ದಾರಿ ಹಿಡಿಯಬೇಡಿ ಎಂದು ಒಬ್ಬ ರೈತ ದಂಪತಿಗೆ ಹೇಳಿದ್ದೆ. ಮಗು ಬಂದ ಮೇಲೆ ಅದನ್ನು ಸಾಕುವುದಕ್ಕೂ ಆ ಹೊಲ ಬೇಕಲ್ಲ.

ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಮಕ್ಕಳಿಲ್ಲ. ನನ್ನ ಮಗನನ್ನು ಅವನಿಗೆ ದತ್ತು ಕೊಡುತ್ತೇವೆ. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟರೆ ಸಾಕಲ್ಲವೇ?

ಸಾಲದು. ಬಳ್ಳಾರಿ ಕಡೆಯವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಕಣ್ಣೀರು ಕಂಡದ್ದೂ ಇದರಲ್ಲೇ.

ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರೆಂದರೆ ಚಿಕ್ಕಪ್ಪ ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ. ನಿಮ್ಮ ತಮ್ಮ ಇದರೊಳಗೆ ಬರುತ್ತಾರೆ, ನಿಮ್ಮ ಚಿಕ್ಕಪ್ಪನ ಮಗ ಬರುವುದಿಲ್ಲ. ತಮ್ಮ ಮೊದಲು ತಾವಿರುವ ದೇಶದ ಅಧಿಕೃತ ಸಂಸ್ಥೆಯ ಮೂಲಕ ಹೋಗಬೇಕು. ಮಗನಿಗೆ 5 ವರ್ಷ ತುಂಬಿದ್ದರೆ ಅವನ ಒಪ್ಪಿಗೆಯೂ ಬೇಕು. ಹಿಂದೂ ದತ್ತಕ ಕಾಯ್ದೆಯಡಿ ದತ್ತು ನಡೆದರೂ ಮಗು ದೇಶ ಬಿಡಬೇಕಾದರೆ ಕಾರಾದ ನಿರಾಕ್ಷೇಪಣಾ ಪತ್ರ ಇರಲೇಬೇಕು.

ಇಷ್ಟೆಲ್ಲ ಆದರೂ ಅಮೆರಿಕದ ಕಡೆ ಇನ್ನೊಂದು ಗೋಡೆಯಿದೆ. ಹೆತ್ತವರಿಬ್ಬರೂ ಬದುಕಿದ್ದರೆ ಅವರಿಗೆ ಮಗುವನ್ನು ಸರಿಯಾಗಿ ನೋಡಿಕೊಳ್ಳುವ ಶಕ್ತಿಯಿಲ್ಲ ಎಂಬುದು ರುಜುವಾತಾಗಬೇಕು. ಎರಡಂತಸ್ತಿನ ಮನೆಯಿರುವ, ಇಬ್ಬರೂ ನೌಕರಿಯಲ್ಲಿರುವ ನೀವು ಅದನ್ನು ಹೇಗೆ ಹೇಳುತ್ತೀರಿ? "ಅವನ ಓದಿಗಾಗಿ" ಎನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ. ನಡೆಯಬಾರದು ಎಂದೇ ನನ್ನ ಅಭಿಪ್ರಾಯ. ಹುಡುಗನಿಗೆ ಓದು ಬೇಕಾದರೆ ಮುಂದೆ ವಿದ್ಯಾರ್ಥಿ ವೀಸಾ ಇದೆ. ಅದಕ್ಕಾಗಿ ಅವನ ತಾಯಿಯನ್ನು ಕಾಗದದಲ್ಲಿ ಅಳಿಸುವುದು ಬೇಡ.

ಬಾಂಡ್ ಪೇಪರಿನ ಸಂಗತಿ ಹೇಳಿಬಿಡುತ್ತೇನೆ. ನನಗೆ ಗೊತ್ತಿರುವ ಒಂದು ಕುಟುಂಬ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ ತಮ್ಮನಿಗೆ ಮಗಳನ್ನು ಕೊಟ್ಟಿತು. ಊರಿಗೆಲ್ಲ ಊಟ ಹಾಕಿ ಮಡಿಲು ತುಂಬಿದರು. ವೀಸಾ ಬರಲಿಲ್ಲ. ಹುಡುಗಿ ಎರಡು ವರ್ಷ ಅಜ್ಜಿಯ ಮನೆಯಲ್ಲಿ ಉಳಿದಳು. ಹೆತ್ತವರನ್ನು ಅಪ್ಪ ಅಮ್ಮ ಎನ್ನಬಾರದು ಎಂದು ಅವಳಿಗೆ ಹೇಳಿಕೊಟ್ಟಿದ್ದರು, ಹೊಸ ಅಪ್ಪ ಅಮ್ಮ ಮೊಬೈಲಿನ ಪರದೆಯಲ್ಲಿದ್ದರು. ಆ ಮಗು ಶಾಲೆಯಲ್ಲಿ ಮಾತನಾಡುವುದನ್ನೇ ನಿಲ್ಲಿಸಿತ್ತು. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಎಲ್ಲರೂ ಅವಳ ಒಳಿತನ್ನೇ ಬಯಸಿದ್ದರು. ಆದರೆ ಯಾರೂ ಮೊದಲು ವಿಚಾರಿಸಲಿಲ್ಲ.

ಬೇರೆ ದೇಶದ ಮಗುವನ್ನು ಹಿಂದೂ ದತ್ತಕ ಕಾಯ್ದೆಯಡಿ ಸರಳವಾಗಿ ಪಡೆಯಬಹುದಲ್ಲವೇ?

1956ರ ಆ ಕಾಯ್ದೆಯಲ್ಲಿ ದತ್ತು ಹೋಗುವ ಮಗುವೂ ಹಿಂದೂ ಆಗಿರಬೇಕು. ಆ ದಾರಿ ಬಿಟ್ಟುಬಿಡಿ.

ನಮ್ಮ ಕಡೆಯ ಶಿಶುಗೃಹಗಳಿಂದ ಮಕ್ಕಳನ್ನು ವಿದೇಶಕ್ಕೆ ಕಳುಹಿಸುತ್ತಾರೆ ಎನ್ನುತ್ತಾರೆ. ನಮಗೆ ಕೊಡದೆ ಅವರಿಗೇಕೆ?

ಈ ಪ್ರಶ್ನೆಯ ಹಿಂದಿನ ನೋವು ನನಗೆ ಗೊತ್ತು. ಆದರೆ ಕ್ರಮ ತಿಳಿದರೆ ಕೋಪ ಇಳಿಯುತ್ತದೆ.

ತೊರೆದುಹೋದ ಮಗುವಿನ ಹೆತ್ತವರನ್ನು ಮೊದಲು ಹುಡುಕುತ್ತಾರೆ. 2 ವರ್ಷದೊಳಗಿನ ಮಗುವಾದರೆ 2 ತಿಂಗಳೊಳಗೆ, ಅದಕ್ಕಿಂತ ದೊಡ್ಡದಾದರೆ 4 ತಿಂಗಳೊಳಗೆ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ತಾಯಿಯೇ ಒಪ್ಪಿಸಿದ ಮಗುವಾದರೆ ಮನಸ್ಸು ಬದಲಿಸಲು ಅವಳಿಗೆ 2 ತಿಂಗಳ ಅವಕಾಶ. ಆಮೇಲೆ ಮಗು ದತ್ತಿಗೆ ಮುಕ್ತ ಎಂದು ಘೋಷಣೆಯಾಗುತ್ತದೆ. ಮೊದಲ ಅವಕಾಶ ಭಾರತದಲ್ಲಿರುವವರಿಗೆ ಮತ್ತು ಅನಿವಾಸಿ ಭಾರತೀಯರಿಗೆ. ನಿಗದಿತ ದಿನಗಳಲ್ಲಿ ಇವರಲ್ಲಿ ಯಾರೂ ಸಿಗದಿದ್ದರೆ ಮಾತ್ರ ವಿದೇಶದ ಕುಟುಂಬಗಳ ಸರದಿ.

ಯಾರಿಗೂ ಬೇಡವಾಗಿ ಉಳಿಯುವ ಮಕ್ಕಳು ಯಾರು ಎಂದು ಯೋಚಿಸಿ. ಹೃದಯದಲ್ಲಿ ರಂಧ್ರವಿರುವವರು, ಕಿವಿ ಕೇಳದವರು, ಏಳೆಂಟು ವರ್ಷ ದಾಟಿದವರು, ಕೈ ಕೈ ಹಿಡಿದುಕೊಂಡ ಅಣ್ಣ ತಂಗಿ. ನಾವು ನೋಡಿ ಮುಂದೆ ಸಾಗಿದ ಮಗುವನ್ನು ಸಾವಿರಾರು ಮೈಲಿಯಾಚೆಯ ಒಬ್ಬ ತಾಯಿ ಎತ್ತಿಕೊಂಡಿದ್ದಾಳೆ. ಅದನ್ನು ಕಸಿದುಕೊಂಡದ್ದು ಎನ್ನಲು ನನ್ನ ಬಾಯಿ ಬರುವುದಿಲ್ಲ.

ದತ್ತು ಆದೇಶ ಹೊರಡಿಸುವವರು ಈಗ ಜಿಲ್ಲಾಧಿಕಾರಿ. 2022ರ ಸೆಪ್ಟೆಂಬರಿಗೆ ಮೊದಲು ಅದು ನ್ಯಾಯಾಲಯದ ಕೆಲಸವಾಗಿತ್ತು, ನಮ್ಮ ಮಗಳ ಆದೇಶ ಅಲ್ಲಿಂದಲೇ ಬಂದದ್ದು. ಹೊರದೇಶಕ್ಕೆ ಹೋದ ಮಗುವಿನ ಯೋಗಕ್ಷೇಮದ ವರದಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಬರಬೇಕು. ಅಲ್ಲಿ ಹೊಂದಾಣಿಕೆಯಾಗದಿದ್ದರೆ ಮಗುವನ್ನು ಬೀದಿಗೆ ಬಿಡುವಂತಿಲ್ಲ, ಬೇರೆ ನೆಲೆ ಹುಡುಕುವ ಹೊಣೆ ಸಂಸ್ಥೆಯದು.

ಐದಾರು ವರ್ಷದ ಹೊರದೇಶದ ಮಗು ನಮ್ಮ ಮನೆಗೆ ಬಂದೇಬಿಟ್ಟಿತು ಎಂದುಕೊಳ್ಳೋಣ. ಮೊದಲ ದಿನಗಳಲ್ಲಿ ಏನು ಮಾಡಬೇಕು?

ಜನರನ್ನು ಕರೆಯಬೇಡಿ. ನಮ್ಮಲ್ಲಿ ಮಗು ಬಂದರೆ ಓಣಿಯವರೆಲ್ಲ ಬರುತ್ತಾರೆ, ಆರತಿ ಎತ್ತುತ್ತಾರೆ, ಒಬ್ಬರಾದ ಮೇಲೊಬ್ಬರು ಎತ್ತಿಕೊಳ್ಳುತ್ತಾರೆ. ಭಾಷೆ ತಿಳಿಯದ ಮಗುವಿಗೆ ಅದು ದಿಗಿಲು. ಕೆಲವು ವಾರ ಅದರ ಊಟ, ಸ್ನಾನ, ನಿದ್ದೆ ನಿಮ್ಮಿಬ್ಬರ ಕೈಯಲ್ಲೇ ಆಗಲಿ. ಯಾರು ತನ್ನವರು ಎಂದು ಅದಕ್ಕೆ ಕೈಯ ಗುರುತಿನಿಂದಲೇ ತಿಳಿಯಬೇಕು.

ರೊಟ್ಟಿ, ಶೇಂಗಾ ಹಿಂಡಿ, ಖಾರದ ಪಲ್ಯ ಮೊದಲ ದಿನವೇ ಬೇಡ. ಅದು ಅಲ್ಲಿ ಏನು ತಿನ್ನುತ್ತಿತ್ತು ಎಂದು ಬರೆಸಿಕೊಂಡು ಬನ್ನಿ. ಅನ್ನ, ಬಾಳೆಹಣ್ಣು, ಮೊಟ್ಟೆ ಬಹಳ ಕಡೆ ತಿನ್ನುವಂಥವು. ತಟ್ಟೆಯ ಪಕ್ಕದಲ್ಲಿ ರೊಟ್ಟಿಯ ತುಣುಕೊಂದಿರಲಿ, ಒಂದು ದಿನ ಮಗುವೇ ಕೈ ಚಾಚುತ್ತದೆ. ಸಂಸ್ಥೆಯಲ್ಲಿ ಬೆಳೆದ ಮಕ್ಕಳು ಕೆಲವೊಮ್ಮೆ ಆಹಾರವನ್ನು ದಿಂಬಿನ ಕೆಳಗೆ ಬಚ್ಚಿಡುತ್ತವೆ. ಬೈಯಬೇಡಿ. ಒಂದು ಡಬ್ಬಿಯಲ್ಲಿ ಬಿಸ್ಕತ್ತು ಹಾಕಿ, ಇದು ನಿನ್ನದೇ, ಖಾಲಿಯಾಗುವುದಿಲ್ಲ ಎಂದು ತೋರಿಸಿ.

ಹವಾಮಾನವನ್ನೂ ಯೋಚಿಸಿ. ತಂಪು ದೇಶದ ಮಗುವನ್ನು ಏಪ್ರಿಲ್ ಮೇ ತಿಂಗಳ ರಾಯಚೂರಿಗೆ ತರುವುದು ಬೇಡ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಮಳೆ ಬಿದ್ದ ಮೇಲೆ ಕರೆತನ್ನಿ. ಲಸಿಕೆಗಳ ಪಟ್ಟಿಯನ್ನು ಮೊದಲ ವಾರದಲ್ಲೇ ಮಕ್ಕಳ ವೈದ್ಯರಿಗೆ ತೋರಿಸಿ.

ಅದರ ಹೆಸರನ್ನು ಕಿತ್ತುಹಾಕಬೇಡಿ. ನಿಮ್ಮ ಮನೆದೇವರ ಹೆಸರು ಇಡಲೇಬೇಕೆಂದಿದ್ದರೆ ಜೊತೆಗೆ ಸೇರಿಸಿ. ಎಲ್ಲವೂ ಬದಲಾದ ಮಗುವಿನ ಬಳಿ ಉಳಿದಿರುವ ಒಂದೇ ಸ್ವತ್ತು ಅದು.

ದತ್ತು ಮಗುವೆಂದು ಹೇಳಬೇಕೇ? ಯಾವಾಗ?

ಮೊದಲ ದಿನದಿಂದಲೇ. ಕೂಸಿಗೆ ತಿಳಿಯದಿದ್ದರೂ ಮುದ್ದಿಸುವಾಗ "ನಿನ್ನನ್ನು ಕರೆತಂದ ದಿನ" ಎಂದು ಹೇಳುತ್ತಿರಿ. ಆ ಮಾತು ಮನೆಯಲ್ಲಿ ಜೋಗುಳದಷ್ಟೇ ಸಹಜವಾಗಿರಲಿ. ನನ್ನ ಮಗಳು ಐದನೆಯ ವಯಸ್ಸಿನಲ್ಲಿ ಕಿನ್ನಾಳದ ಮರದ ಗೊಂಬೆಯೊಂದನ್ನು ಕೈಯಲ್ಲಿ ಹಿಡಿದು, "ಇದನ್ನೂ ನಾವು ಬೇರೆ ಕಡೆಯಿಂದ ತಂದೆವಲ್ಲ, ಇದು ನಮ್ಮದೇ ಅಲ್ಲವೇ?" ಎಂದು ಕೇಳಿದ್ದಳು. ನಮ್ಮದೇ ಎಂದೆ. ಆಟ ಮುಂದುವರಿಸಿದಳು.

ಮುಚ್ಚಿಟ್ಟ ಮನೆಗಳಲ್ಲಿ ಮದುವೆಯ ಮಾತುಕತೆಯಲ್ಲೋ ಆಸ್ತಿಯ ಜಗಳದಲ್ಲೋ ಯಾರದೋ ಬಾಯಿಂದ ಅದು ಹೊರಬಿದ್ದಿದೆ. ಅಂದಹಾಗೆ ಆಸ್ತಿಯ ಚಿಂತೆ ಬೇಡ. ಆದೇಶ ಬಂದ ದಿನದಿಂದ ದತ್ತು ಮಗುವಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಎಲ್ಲ ಹಕ್ಕೂ ಇದೆ.

ದತ್ತು ಹೋದವರು ದೊಡ್ಡವರಾಗಿ ಹುಟ್ಟಿದ ಊರು ಹುಡುಕಿಕೊಂಡು ಬರಬಹುದೇ? ಅದಕ್ಕಾಗಿ ನಾವೇನು ಉಳಿಸಿಡಬೇಕು?

ಬರಬಹುದು. ಬೇರುಗಳ ಹುಡುಕಾಟಕ್ಕೆ ನಿಯಮಾವಳಿಯಲ್ಲೇ ಅವಕಾಶವಿದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಚಿಕ್ಕವರು ದತ್ತು ತಂದೆತಾಯಿಯ ಜೊತೆ ಕೇಳಬಹುದು. ಒಪ್ಪಿಸಿದ ತಾಯಿಯ ಗೋಪ್ಯತೆಯನ್ನು ಕಾಪಾಡಲೇಬೇಕು, ಅವಳು ಒಪ್ಪದೆ ಅವಳ ಹೆಸರು ಸಿಗುವುದಿಲ್ಲ. ಆದರೂ ಯಾವ ಊರು, ಯಾವ ಸಂಸ್ಥೆ, ಹೇಗೆ ಸಿಕ್ಕೆ ಎಂಬುದಾದರೂ ಕಡತದಲ್ಲಿ ಇದ್ದರೆ ತಿಳಿಯುತ್ತದೆ. ಬೇರೆ ದೇಶದ ಮಗುವನ್ನು ಇಲ್ಲಿಗೆ ತರುವವರಿಗೆ ಈ ಮಾತು ಇನ್ನಷ್ಟು ಮುಖ್ಯ. ಇಪ್ಪತ್ತು ವರ್ಷದ ನಂತರ ಆ ಸಂಸ್ಥೆ ಮುಚ್ಚಿರಬಹುದು, ಆ ದೇಶ ದಾಖಲೆ ಕಳೆದುಕೊಂಡಿರಬಹುದು. ನಿಮ್ಮ ಬೀರುವಿನಲ್ಲಿರುವ ಪ್ರತಿಯೇ ಕೊನೆಯದಾಗಿರಬಹುದು.

ಹಾಗಾಗಿ ಎಲ್ಲ ಕಾಗದದ ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿಡಿ. ದತ್ತು ಆದೇಶ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ಹಳೆಯ ಪಾಸ್‌ಪೋರ್ಟ್, ಅಲ್ಲಿನ ಭಾಷೆಯ ಮೂಲ ಪತ್ರಗಳು, ವಿಮಾನದ ಟಿಕೆಟ್. ಸಾಕಿದ ಆಯಾ ಯಾರು, ಅವರು ಮಗುವನ್ನು ಏನೆಂದು ಕರೆಯುತ್ತಿದ್ದರು, ಮಲಗಿಸುವಾಗ ಏನು ಹಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ, ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಕಟ್ಟಡದ, ಅಂಗಳದ, ಎದುರಿನ ಬೀದಿಯ ಫೋಟೊ ತೆಗೆಯಿರಿ.

ಮಗು ತೊಟ್ಟು ಬಂದ ಬಟ್ಟೆಯನ್ನೂ ಇಡಿ. ನನ್ನ ಮಗಳು ಬಂದದ್ದು ಬಣ್ಣ ಮಾಸಿದ ಹಳದಿ ಅಂಗಿಯಲ್ಲಿ, ಎಡತೋಳಿನ ಹೊಲಿಗೆ ಬಿಟ್ಟಿತ್ತು. ಮನೆಗೆ ಬಂದ ರಾತ್ರಿ ಹೊಸ ಅಂಗಿ ತೊಡಿಸಿದ ಸಂಭ್ರಮದಲ್ಲಿ ನಾನು ಅದನ್ನು ಎಸೆದುಬಿಟ್ಟೆ. ಹತ್ತು ವರ್ಷ ತುಂಬಿದಾಗ ಅವಳು ಕೇಳಿದಳು, "ಅಮ್ಮಾ, ನಾನು ಬಂದ ದಿನ ಏನು ಹಾಕಿಕೊಂಡಿದ್ದೆ?" ಬಣ್ಣ ಹೇಳಿದೆ, ತೋಳಿನ ಹೊಲಿಗೆಯನ್ನೂ ಹೇಳಿದೆ. "ತೋರಿಸು" ಎಂದಳು.